ದೀಪ ಆರದ ಬಾವಿ

ಪಂಪಿನ ಕೆಲಸ ಕಲಿಯಲು ಹೊರಟವರು ಆಗಾಗ ಸಂಜಯನಗರದ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ: ಯಾವ ಮೋಟಾರು ಒಳ್ಳೆಯದು, ವೈಂಡಿಂಗ್ ಎಲ್ಲಿ ಕಲಿಯಬೇಕು, ಸ್ವಂತ ಅಂಗಡಿ ಯಾವಾಗ ಹಾಕಬಹುದು. ಗಾಳಿಯ ಬಗ್ಗೆ ಒಬ್ಬನೂ ಕೇಳಿದ್ದಿಲ್ಲ. ನೀರಿನ ಕೆಲಸದವನಿಗೆ ಗಾಳಿಯ ಗೊಡವೆ ಯಾಕೆ ಎಂದು ಒಂದು ಕಾಲದಲ್ಲಿ ನಾನೂ ಅಂದುಕೊಂಡಿದ್ದೆ. ನನ್ನ ಕಣ್ಣೆದುರು ಸತ್ತವರಲ್ಲಿ ನೀರಿಗೆ ಬಿದ್ದು ಸತ್ತವರು ಯಾರೂ ಇಲ್ಲ, ಎಲ್ಲರೂ ಗಾಳಿಯಿಂದಲೇ ಹೋದವರು. ಆದ್ದರಿಂದ ಅದನ್ನೇ ಬರೆದಿಡುತ್ತೇನೆ. ಬಡ್ತಿ, ಶಾಲು, ಹಾರ, ಗೋಡೆ ಗಡಿಯಾರ ಕೊಟ್ಟು ಬೀಳ್ಕೊಟ್ಟದ್ದು ಇವೆಲ್ಲ ಇಲ್ಲಿ ಇರುವುದಿಲ್ಲ. ಆ ಗಡಿಯಾರವೂ ನಿಂತು ಬಹಳ ಕಾಲವಾಯಿತು.

ನಾನು ಯಶವಂತಪುರದ ಒಂದು ಪಂಪ್‌ಸೆಟ್ ಅಂಗಡಿಗೆ ಫಿಟ್ಟರ್ ಆಗಿ ಸೇರಿದ್ದು ಐವತ್ತರ ದಶಕದ ನಡುವಿನಲ್ಲಿ. ಆಗ ಹೆಬ್ಬಾಳ, ಯಲಹಂಕ, ಬಾಗಲೂರಿನ ಕಡೆಗೆಲ್ಲ ದ್ರಾಕ್ಷಿ ತೋಟ, ಸೊಪ್ಪು ತರಕಾರಿ, ನಡುನಡುವೆ ರಾಗಿ ಹೊಲ. ಬಾವಿಯಿಂದ ನೀರೆತ್ತುವ ಕಪಿಲೆ ಎಳೆಯುತ್ತಿದ್ದ ಎತ್ತುಗಳ ಜಾಗಕ್ಕೆ ಸೀಮೆಎಣ್ಣೆ ಎಂಜಿನ್ನು ಬರುತ್ತಿದ್ದ ಕಾಲ ಅದು. ಎಷ್ಟೋ ಹಳ್ಳಿಗಳಿಗೆ ಕರೆಂಟು ಬಂದಿರಲಿಲ್ಲ. ಅಂಗಡಿಯಲ್ಲಿ ನನ್ನ ಮೇಲೆ ಇಬ್ಬರು. ಒಬ್ಬರು ಎಂಜಿನಿಯರ್ ಶೇಷಗಿರಿ ರಾಯರು. ಓದಿದವರು, ಸೈಕಲ್ ತುಳಿಯಲು ನಾಚಿಕೆ ಪಡದವರು, ಪ್ರಶ್ನೆ ಕೇಳಿದರೆ ಊಟ ಬಿಟ್ಟು ಉತ್ತರ ಹೇಳುವವರು. ಇನ್ನೊಬ್ಬರು ಹಿರಿಯ ಫಿಟ್ಟರ್ ಮುನುಸಾಮಿ ಮೇಸ್ತ್ರಿ. ಮದ್ರಾಸಿನಿಂದ ಬಂದು ನಮ್ಮವರೇ ಆಗಿಹೋಗಿದ್ದರು. ಬಾಯಿ ಬಿಟ್ಟರೆ ಬೈಗುಳ, ಆದರೆ ಅಪಾಯದ ಕೆಲಸಕ್ಕೆ ನಮ್ಮನ್ನು ಮುಂದೆ ಬಿಟ್ಟವರಲ್ಲ.

ನಾನು ಮೊದಲು ಉಗಿಸಿಕೊಂಡದ್ದು ಹೆಬ್ಬಾಳ ಕೆರೆಯ ಆಚೆಗಿನ ಒಂದು ತೋಟದಲ್ಲಿ. ನೀರಿನ ಮಟ್ಟದಿಂದ ಇಪ್ಪತ್ತೈದು ಅಡಿ ಮೇಲಿಟ್ಟರೂ ಪಂಪು ನೀರೆತ್ತುತ್ತದೆ ಎಂದು ಪಂಪಿನ ಜೊತೆ ಬಂದ ಪುಸ್ತಕದಲ್ಲಿ ಅಚ್ಚಾಗಿತ್ತು. ನಾವು ಟೇಪು ಹಿಡಿದು ಹಾಗೇ ಕೂರಿಸಿದೆವು. ಎಂಜಿನ್ನು ಬಡಿದುಕೊಂಡಿತೇ ಹೊರತು ಒಂದು ಹನಿ ನೀರು ಬರಲಿಲ್ಲ. ವಾಲ್ವು ಬಿಚ್ಚಿದೆವು, ಗ್ಯಾಸ್ಕೆಟ್ ಬದಲಿಸಿದೆವು, ಪೈಪಿನ ಕೀಲಿಗೆಲ್ಲ ಸಗಣಿ ಮೆತ್ತಿದೆವು. ತೋಟದ ಗೌಡರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

“ಇದು ಒಗೆ ಉಗುಳ್ತದೆ, ನೀರ್ ಮಾತ್ರ ಉಗುಳಾಕಿಲ್ಲ. ಇದಕ್ಕಿಂತ ನಮ್ ಎತ್ತೇ ವಾಸಿ ಕಣಯ್ಯ. ಸಗಣಿನಾದ್ರೂ ಆಕ್ತಾವೆ” ಎಂದರು.

ಮರುದಿನ ರಾಯರು ಬಂದು ಪಂಪನ್ನು ನಾಲ್ಕಡಿ ಕೆಳಗಿಳಿಸಿದರು. ನೀರು ಬಂತು. ಹೊಂಗೆ ಮರದ ನೆರಳಿನಲ್ಲಿ ಬುತ್ತಿ ಬಿಚ್ಚುತ್ತ ಅವರು ಹೇಳಿದ್ದು ಇದು: “ಪಂಪು ನೀರು ಎಳೆಯಲ್ಲ ಕಣ್ರೀ. ಪೈಪಿನೊಳಗಿರೋ ಗಾಳಿ ತೆಗೆಯುತ್ತೆ, ಅಷ್ಟೇ. ಬಾವಿ ನೀರಿನ ಮೇಲೆ ಕೂತಿರೋ ಗಾಳಿ ತನ್ನ ಭಾರದಿಂದ ನೀರನ್ನ ಪೈಪಿನೊಳಕ್ಕೆ ತಳ್ಳುತ್ತೆ. ಈ ಪುಸ್ತಕ ಬರೆದೋರು ಸಮುದ್ರದ ಪಕ್ಕ ಕೂತು ಬರೆದಿದ್ದಾರೆ. ನಾವು ಮೂರು ಸಾವಿರ ಅಡಿ ಮೇಲಿದ್ದೀವಿ. ಅಷ್ಟು ಗಾಳಿ ನಮ್ಮ ಕಾಲ ಕೆಳಗೇ ಉಳ್ಕೊಂಡಿದೆ. ಅದು ಮದ್ರಾಸಿನೋರ ಬಾವಿಗೆ ಕೆಲಸ ಮಾಡುತ್ತೆ, ನಮ್ಮದಕ್ಕೆ ಮಾಡಲ್ಲ.”

“ಅದಕ್ಕೇ ಸಾರ್ ನಾನು ಮದ್ರಾಸ್ ಬಿಟ್ಟಿದ್ದು. ಅಲ್ಲಿ ತಲೆ ಮೇಲೆ ಭಾರ ಜಾಸ್ತಿ” ಎಂದರು ಮುನುಸಾಮಿ.

ರಾಯರು ನಕ್ಕು ಮುಂದುವರಿಸಿದರು. ಗಾಳಿಯ ಅಣುಗಳು ಸುಮ್ಮನೆ ಕೂರುವುದಿಲ್ಲ, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ಓಡಾಡುತ್ತಲೇ ಇರುತ್ತವೆ. ಭೂಮಿ ಅವನ್ನು ಕೆಳಕ್ಕೆ ಸೆಳೆಯುತ್ತದೆ, ಅವುಗಳ ಓಡಾಟ ಮೇಲಕ್ಕೆ ಎರಚುತ್ತದೆ. ಈ ಜಗ್ಗಾಟದಲ್ಲಿ ಕೆಳಗೆ ಸಂದಣಿ, ಮೇಲೆ ಹೋದಷ್ಟೂ ವಿರಳ. ಕಣ ಭಾರವಾದಷ್ಟೂ ತಳದಲ್ಲೇ ಹೆಚ್ಚು. ನಂಬದಿದ್ದರೆ ನೋಡಿ ಎಂದು ಬಾವಿಯ ಕದಡಿದ ನೀರನ್ನು ಗಾಜಿನ ಲೋಟದಲ್ಲಿ ಇಟ್ಟರು. ಮರಳು ಆಗಲೇ ತಳ ಸೇರಿತು. ಜೇಡಿಮಣ್ಣಿನ ಕೆಂಪು ಮಾತ್ರ ತಳದಲ್ಲಿ ಗಾಢವಾಗಿ, ಮೇಲೆ ತೆಳುವಾಗಿ ತೇಲುತ್ತ ನಿಂತಿತ್ತು. ಅಲ್ಲಿಂದ ಮುಂದೆ ನಾವು ಪೈಪಿನ ಬಾಯಿಯನ್ನು ಬಾವಿಯ ತಳದಿಂದ ಸಾಕಷ್ಟು ಮೇಲಕ್ಕೆ ಕಟ್ಟತೊಡಗಿದೆವು. ಮರಳು ತಿಂದು ಸವೆದುಹೋಗುತ್ತಿದ್ದ ಪಂಪುಗಳು ಉಳಿದವು. ಓದಿದವರ ಮಾತಿನಿಂದ ಹೊಟ್ಟೆಪಾಡಿಗೆ ಇಷ್ಟು ಉಪಯೋಗವಿದೆ ಎಂದು ಅವತ್ತು ಗೊತ್ತಾಯಿತು.

ಆದರೆ ಅದೇ ಪಾಠದಿಂದ ನಮ್ಮ ಕಡೆ ಒಂದು ಪದ್ಧತಿಯೂ ಬೆಳೆಯಿತು. ಪಂಪನ್ನು ಮೇಲಿಟ್ಟರೆ ನೀರು ಬರುವುದಿಲ್ಲ, ಬೇಸಿಗೆಯಲ್ಲಿ ನೀರು ಇನ್ನೂ ಕೆಳಕ್ಕೆ ಹೋಗುತ್ತದೆ. ಹಾಗಾಗಿ ಬಾವಿಯ ಗೋಡೆಯಲ್ಲಿ ಗೂಡು ಕೊರೆದು, ಕಲ್ಲು ಚಪ್ಪಡಿ ಹಾಸಿ, ಎಂಜಿನ್ನು ಪಂಪು ಎರಡನ್ನೂ ಹಗ್ಗ ಕಟ್ಟಿ ಅಲ್ಲಿಗೇ ಇಳಿಸುವುದು. ನೀರು ಇಳಿದರೆ ಇನ್ನೊಂದು ಗೂಡು, ಇನ್ನೂ ಕೆಳಗೆ. ಎಂಜಿನ್ನು ಹೊಗೆ ಬಿಡುವ ಕೊಳವೆ ಬಾವಿಯೊಳಗೇ ಆಳೆತ್ತರಕ್ಕೆ ನಿಂತುಬಿಡುತ್ತಿತ್ತು. ಕಬ್ಬಿಣದ ಪೈಪು ಸಿಗುವುದೇ ಕಷ್ಟವಾಗಿದ್ದ ಕಾಲ, ಸಿಕ್ಕಿದ್ದು ನೀರಿಗೇ ಸಾಲದು. ಹೊಗೆ ಬಿಸಿಯಾಗಿರುತ್ತದೆ, ತಾನೇ ಮೇಲಕ್ಕೆ ಹೋಗುತ್ತದೆ ಎಂದರು ನಮ್ಮ ಅಂಗಡಿಯ ಮಾಲೀಕರು. ಕಣ್ಣಿಗೆ ಕಾಣುವ ಹೊಗೆ ಹೋಗುತ್ತಲೂ ಇತ್ತು. ನಮ್ಮ ಎತ್ತರದಲ್ಲಿ ಗಾಳಿ ತೆಳು ಎಂಬ ಕಾರಣಕ್ಕೇ ಎಂಜಿನ್ನಿನಲ್ಲಿ ಎಣ್ಣೆ ಪೂರ್ತಿ ಉರಿಯುತ್ತಿರಲಿಲ್ಲ. ಅದರ ಹೊಗೆ ಸಮುದ್ರದ ಪಕ್ಕದ ಎಂಜಿನ್ನಿನ ಹೊಗೆಗಿಂತ ಕೆಟ್ಟದ್ದು. ಇದನ್ನು ನಮಗೆ ಯಾರೂ ಹೇಳಿರಲಿಲ್ಲ, ಯಾಕೆಂದರೆ ಯಾರೂ ಯೋಚಿಸಿರಲಿಲ್ಲ.

ದೀಪದ ಕಥೆ ಶುರುವಾದದ್ದು ಗೊರಗುಂಟೆಪಾಳ್ಯದಲ್ಲಿ. ವರ್ಷಗಟ್ಟಲೆ ಬಳಸದ ಒಂದು ಬಾವಿ, ತಳದಲ್ಲಿ ಕೊಳೆತ ಎಲೆ. ಇಳಿಯುವ ಮೊದಲು ಮುನುಸಾಮಿ ಮೇಸ್ತ್ರಿ ತಮ್ಮ ಹಳೆಯ ಪದ್ಧತಿಯಂತೆ ಲಾಟೀನನ್ನು ಹಗ್ಗಕ್ಕೆ ಕಟ್ಟಿ ಬಿಟ್ಟರು. ಅರ್ಧ ಬಾವಿ ಇಳಿಯುವಷ್ಟರಲ್ಲಿ ಹಿಚುಕಿದ ಹಾಗೆ ಆರಿಹೋಯಿತು. ಮತ್ತೆ ಹಚ್ಚಿ ಬಿಟ್ಟರು, ಅದೇ ಜಾಗದಲ್ಲಿ ಮತ್ತೆ ಆರಿತು. ಇಳಿಯಲು ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದವನು ನಾನೇ.

ರಾಯರಿಗೆ ಇದು ತಲೆನೋವಾಯಿತು. ಭಾರದ ಅನಿಲ ಕೆಳಗೆ, ಹಗುರದ್ದು ಮೇಲೆ ಎನ್ನುವುದು ಸರಿ, ಆದರೆ ಅದೆಲ್ಲ ಬೆಟ್ಟಗಳ ಎತ್ತರದ ಲೆಕ್ಕ ಎಂದರು. ಬೆರೆತ ಗಾಳಿಯನ್ನು ನಲವತ್ತು ಅಡಿಯ ಬಾವಿಯೊಳಗೆ ಭೂಮಿ ಹೀಗೆ ಬೇರ್ಪಡಿಸಲಾರದು. ತಳಕ್ಕೂ ಬಾಯಿಗೂ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಹಾಗಿದ್ದರೆ ದೀಪ ಆರಿದ್ದು ಹೇಗೆ? ಕೆಲವು ದಿನ ಬಿಟ್ಟು ತಾವೇ ಉತ್ತರ ತಂದರು. ಕೊಳೆತ ಎಲೆಯಿಂದ ಕೆಟ್ಟ ಅನಿಲ ತಳದಲ್ಲಿ ದಿನವೂ ಹುಟ್ಟುತ್ತಿದೆ. ಅದು ತಣ್ಣಗಿದೆ, ಭಾರವಾಗಿದೆ, ಅಲ್ಲಾಡಿಸುವ ಗಾಳಿ ಇಲ್ಲ, ಆದ್ದರಿಂದ ಹುಟ್ಟಿದ ಕಡೆಯೇ ಮಡುಗಟ್ಟಿದೆ. ಹೊಂಗೆ ಸೊಪ್ಪಿನ ದೊಡ್ಡ ಕಂತೆ ಇಳಿಬಿಟ್ಟು ಬಾವಿಯನ್ನು ಕಡೆದ ಹಾಗೆ ಮೇಲೆ ಕೆಳಗೆ ಆಡಿಸಿದೆವು. ಆಮೇಲೆ ದೀಪ ನೀರಿನವರೆಗೂ ಉರಿಯಿತು. ನಾನು ಇಳಿದು ಕೆಲಸ ಮುಗಿಸಿ ಬಂದೆ.

ಅವತ್ತಿನಿಂದ ದೀಪವೇ ನಮಗೆ ದೇವರು. ಉರಿದರೆ ಇಳಿ, ಆರಿದರೆ ನಿಲ್ಲು. ಮೇಸ್ತ್ರಿಯ ಅನುಭವವೂ ಅದನ್ನೇ ಹೇಳಿತು, ರಾಯರ ವಿದ್ಯೆಯೂ ಅದನ್ನೇ ಹೇಳಿತು. ಇಬ್ಬರೂ ಒಪ್ಪಿದ ಮೇಲೆ ಮೂರನೆಯವನು ಕೇಳುವುದೇನಿದೆ? ಸುತ್ತಲ ಹಳ್ಳಿಗಳಿಗೆಲ್ಲ ಈ ಮಾತನ್ನು ಹಂಚಿದವರೂ ನಾವೇ. ಹೊಸಬರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಒಂದು ಅಪಾಯಕ್ಕೆ ಸರಿಯಾಗಿದ್ದ ಪರೀಕ್ಷೆಯನ್ನು ಎಲ್ಲ ಅಪಾಯಕ್ಕೂ ಬಳಸಿದ್ದು ನಮ್ಮ ವೃತ್ತಿಯ ದೊಡ್ಡ ತಪ್ಪು.

ಅರವತ್ತರ ದಶಕದ ಆರಂಭದ ಒಂದು ಕಡು ಬೇಸಿಗೆ. ಯಲಹಂಕದಿಂದ ಬಾಗಲೂರಿಗೆ ಹೋಗುವ ದಾರಿಯಲ್ಲಿ ಪಿಳ್ಳಪ್ಪ, ಅಣ್ಣಯ್ಯಪ್ಪ ಎಂಬ ಅಣ್ಣತಮ್ಮಂದಿರ ದ್ರಾಕ್ಷಿ ತೋಟ. ನಮ್ಮ ಅಂಗಡಿಯ ಎಂಜಿನ್ನೇ ಅಲ್ಲಿ ಇದ್ದದ್ದು. ಆ ವರ್ಷ ನೀರು ಇಳಿದಿದ್ದರಿಂದ ಅದನ್ನು ಕೆಳಗಿನ ಗೂಡಿಗೆ ಇಳಿಸಿದ್ದರು. ಬೆಳಿಗ್ಗೆಯಿಂದ ಓಡಿದ ಎಂಜಿನ್ನು ಎಣ್ಣೆ ತೀರಿ ನಿಂತಿತು. ಅಣ್ಣ ಪಿಳ್ಳಪ್ಪ ಸೀಮೆಎಣ್ಣೆ ಡಬ್ಬಿ ಹಿಡಿದು ಇಳಿದರು. ಎಷ್ಟು ಹೊತ್ತಾದರೂ ಎಂಜಿನ್ನಿನ ಸದ್ದು ಕೇಳಲಿಲ್ಲ. ತಮ್ಮ ಅಣ್ಣಯ್ಯಪ್ಪ ಬಗ್ಗಿ ನೋಡಿದರೆ ಅಣ್ಣ ಎಂಜಿನ್ನಿಗೆ ಒರಗಿ ನಿದ್ದೆ ಬಂದವರಂತೆ ಕೂತಿದ್ದರು. ಕೂಗಿದರೆ ಓಗೊಡಲಿಲ್ಲ.

ಪಕ್ಕದ ತೋಟದಲ್ಲಿ ನಾನೂ ಮುನುಸಾಮಿ ಮೇಸ್ತ್ರಿಯೂ ಪೈಪು ಜೋಡಿಸುತ್ತಿದ್ದೆವು. ಯಾರೋ ಓಡಿ ಬಂದು ಕರೆದರು. ನಾವು ಹೋಗುವ ಹೊತ್ತಿಗೆ ನೆರೆಯವರು ಅಣ್ಣಯ್ಯಪ್ಪನನ್ನು ಸೊಂಟ ಹಿಡಿದು ತಡೆದಿದ್ದರು. ದೀಪ ಬಿಡದೆ ಇಳಿಯಬಾರದು ಎಂಬ ನಮ್ಮ ಮಾತು ಅಲ್ಲಿಗೂ ತಲುಪಿತ್ತು. ಪಿಳ್ಳಪ್ಪನ ಹೆಂಡತಿ ಮುನಿತಾಯಮ್ಮ ಬಾವಿಯ ಕಟ್ಟೆ ಹಿಡಿದು ಗಂಡನ ಹೆಸರು ಹೇಳದೆ “ಇಲ್ನೋಡ್ರಿ, ಇಲ್ನೋಡ್ರಿ” ಎಂದು ಒಂದೇ ಸಮ ಕರೆಯುತ್ತಿದ್ದಳು.

ಮೇಸ್ತ್ರಿ ಲಾಟೀನು ಬಿಟ್ಟರು. ಅದು ನೆಟ್ಟಗೆ ಉರಿಯುತ್ತ ಹೋಯಿತು. ಪಿಳ್ಳಪ್ಪನ ಮುಖದ ಮುಂದೆ ಉರಿಯಿತು, ನೀರಿನ ಮೇಲೂ ಉರಿಯಿತು. ಕುಡಿ ಕಂಪಿಸಲಿಲ್ಲ.

“ಗಾಳಿ ಸರಿಯಾಗೈತೆ. ಈ ಯಪ್ಪನಿಗೆ ಎದೆ ಹಿಡ್ಕೊಂಡಿರ್ಬೇಕು. ಬೇಗ ಎತ್ತಿದ್ರೆ ಉಳಿದಾನು. ನೀನು ಹಗ್ಗ ಹಿಡಿ ತಂಬಿ” ಎಂದು ಮೇಸ್ತ್ರಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದೇಬಿಟ್ಟರು.

ಕೆಳಗಿನಿಂದ ಅವರ ದನಿ ಸ್ಪಷ್ಟವಾಗಿ ಬಂತು: “ಮೈ ಇನ್ನೂ ಬೆಚ್ಚಗೈತಪ್ಪಾ.” ಆಮೇಲೆ ಪಿಳ್ಳಪ್ಪನನ್ನು ಎತ್ತಲು ಏದುಸಿರು ಬಿಡುತ್ತ ಹೆಣಗುವುದು ಕೇಳಿಸಿತು. “ಇರು, ಒಸಿ ಕೂತ್ಕೊಂತೀನಿ” ಎಂದರು. ಅದೇ ಅವರ ಕೊನೆಯ ಮಾತು. ನಾವು ಹಗ್ಗ ಜಗ್ಗಿದೆವು. ಅವರ ದೇಹ ಎಂಜಿನ್ನಿಗೂ ಪೈಪಿಗೂ ನಡುವೆ ಸಿಕ್ಕಿಕೊಂಡಿತು. ಮೇಲಿನಿಂದಲೇ ಹಗ್ಗವನ್ನು ಅತ್ತಿತ್ತ ಎಳೆದು ಬಿಡಿಸಿ ಮೇಲೆ ತರುವ ಹೊತ್ತಿಗೆ ಉಸಿರು ನಿಂತಿತ್ತು. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯನ್ನು ಬಟ್ಟೆಗೆ ಸಿಕ್ಕಿಸಿ ಪಿಳ್ಳಪ್ಪನನ್ನು ಎತ್ತಿದೆವು. ಇಬ್ಬರ ತುಟಿಯೂ ಕೆನ್ನೆಯೂ ಕೆಂಪಗೆ ಹೊಳೆಯುತ್ತಿದ್ದವು. ಸತ್ತವರ ಮುಖ ಹಾಗಿರುವುದನ್ನು ನಾವು ಯಾರೂ ನೋಡಿರಲಿಲ್ಲ. ಮುನಿತಾಯಮ್ಮ ಗಂಡನ ಮುಖ ನೋಡಿ ಜೀವ ಇದೆ ಎಂದೇ ನಂಬಿದಳು. ನೀರು ತನ್ನಿ, ಬೀಸಿ ಎಂದು ಹೇಳುತ್ತಲೇ ಇದ್ದಳು. ಅವಳ ಕೈ ಹಿಡಿದು ನಿಲ್ಲಿಸುವ ಧೈರ್ಯ ಯಾರಿಗೂ ಬರಲಿಲ್ಲ.

ದೀಪ ಉರಿಯಿತು, ಅಂದರೆ ಗಾಳಿ ಕೆಟ್ಟಿರಲಿಲ್ಲ. ಹಾಗಾದರೆ ಬಾವಿ ಬಲಿ ಕೇಳಿತು ಎಂದಿತು ಊರು. ನಮ್ಮ ಮಾಲೀಕರಿಗೆ ದೇವರೇ ಬಂದು ಸಾಕ್ಷಿ ಹೇಳಿದಂತಾಯಿತು. “ಒಬ್ಬನಿಗೆ ಹಾರ್ಟು, ಇನ್ನೊಬ್ಬ ಹೆದರಿ ಸತ್ತ. ಎಂಜಿನ್ನಿನದೇನು ತಪ್ಪು? ದೀಪ ಉರೀತಿತ್ತಲ್ಲ” ಎಂದು ಬಂದವರಿಗೆಲ್ಲ ಹೇಳಿದರು. ಮುನುಸಾಮಿ ಮೇಸ್ತ್ರಿ ಯಾವುದಕ್ಕಾದರೂ ಹೆದರಿದ್ದನ್ನು ನಾನು ಕಂಡವನಲ್ಲ. ಆ ಮಾತಿಗೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ತಮ್ಮೂರಿಗೆ ಹೋಗಿದ್ದ ರಾಯರು ಬಂದು ನನ್ನಿಂದ ಎಲ್ಲ ಕೇಳಿದರು. ಮುಖದ ಬಣ್ಣ ಹೇಳಿದಾಗ ಅವರಿಗೆ ಹೊಳೆಯಿತು.

“ಕಾರ್ಬನ್ ಮಾನಾಕ್ಸೈಡ್” ಎಂದರು. “ಎಣ್ಣೆ ಅರೆಬರೆ ಉರಿದ್ರೆ ಹುಟ್ಟೋ ವಿಷ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ. ಹಾಗಾಗಿ ತಳಕ್ಕೂ ಇಳಿಯಲ್ಲ, ಮೇಲಕ್ಕೂ ಹೋಗಲ್ಲ, ಬಾವಿ ತುಂಬ ಬೆರೆತು ನಿಲ್ಲುತ್ತೆ. ದೀಪಕ್ಕೆ ಬೇಕಾದಷ್ಟು ಒಳ್ಳೆ ಗಾಳಿ ಅಲ್ಲಿ ಇರುತ್ತೆ, ಅದು ಉರಿಯುತ್ತೆ. ಮನುಷ್ಯನ ರಕ್ತ ಮಾತ್ರ ವಿಷವನ್ನೇ ಆರಿಸಿಕೊಳ್ಳುತ್ತೆ, ಅದಕ್ಕೇ ಮುಖ ಹಾಗೆ ಕೆಂಪಾಗೋದು. ನಾನು ನಿಮಗೆಲ್ಲ ತೂಕದ ಪಾಠ ಹೇಳಿದೆ. ತೂಕ ನೋಡಿ ಹಿಡಿಯಕ್ಕಾಗದ್ದನ್ನ ಹೇಳಲಿಲ್ಲ.”

ಎಲ್ಲ ಬಾವಿಗಳಲ್ಲೂ ಹೊಗೆಕೊಳವೆಯನ್ನು ಬಾವಿಯ ಬಾಯಿಯಿಂದ ಆಚೆಗೆ ಎಳೆಯಬೇಕು, ಆಗದಿದ್ದರೆ ಎಂಜಿನ್ನು ಎತ್ತಬೇಕು ಎಂದು ಅವರು ಮಾಲೀಕರಿಗೆ ಹೇಳಿದರು. ಹಾಗೆ ಮಾಡಿದರೆ ನಾವೇ ಕೊಂದೆವು ಎಂದು ಒಪ್ಪಿಕೊಂಡ ಹಾಗೆ ಎಂದರು ಮಾಲೀಕರು. ಆ ಜಗಳ ನಡೆಯುತ್ತಿರುವಾಗಲೇ ಸುದ್ದಿ ಬಂತು. ಅಣ್ಣನ ತಿಥಿ ಮುಗಿಸಿ, ಬಾವಿಗೆ ಶಾಂತಿ ಮಾಡಿಸಿ, ಅಣ್ಣಯ್ಯಪ್ಪ ಎಂಜಿನ್ನು ಓಡಿಸಲು ಹೊರಟಿದ್ದಾನೆ. ಒಂದು ಸಲ ಓಡಿ ನಿಂತರೆ ಎಣ್ಣೆ ಹಾಕಲು ಅವನೇ ಇಳಿಯುತ್ತಾನೆ.

ರಾಯರು ನನ್ನನ್ನು ಕರೆದುಕೊಂಡು ಹೊರಟರು. ಬಿಸಿಲಿನಲ್ಲಿ ಸೈಕಲ್ ತುಳಿದು ಯಲಹಂಕ ದಾಟಿದೆವು. ಅಣ್ಣಯ್ಯಪ್ಪ ಬಾವಿಯ ಹತ್ತಿರವೇ ಇದ್ದ. ರಾಯರು ಹೇಳಿದ್ದನ್ನೆಲ್ಲ ಕೇಳಿಕೊಂಡು ನಿಧಾನವಾಗಿ ಉತ್ತರ ಕೊಟ್ಟ.

“ದೀಪ ಉರಿದಿದ್ದ ಊರೆಲ್ಲ ನೋಡೈತೆ ಸಾಮಿ. ಉರಿದ್ರೆ ಇಳೀರಿ ಅಂತ ಏಳ್ಕೊಟ್ಟೋರು ನೀವೇ. ಮೇಲಿಟ್ರೆ ನೀರ್ ಬರಾಕಿಲ್ಲ ಅಂತ ಕೆಳಗಿಡ್ಸಿದೋರೂ ನೀವೇ. ಈಗ ಅದೂ ತಪ್ಪು ಇದೂ ತಪ್ಪು ಅಂದ್ರೆ ನಾನು ಯಾವುದ ನಂಬ್ಲಿ? ಬಳ್ಳಿ ಒಣಗ್ತಾವೆ. ಅತ್ತಿಗೆನ ಆಕೆ ಮಕ್ಕಳ್ನ ನಾನೇ ತಾನೆ ಸಾಕ್ಬೇಕು?”

ಅವನ ಮಾತಿನಲ್ಲಿ ಒಂದು ಸುಳ್ಳೂ ಇರಲಿಲ್ಲ. ರಾಯರು ತಲೆ ತಗ್ಗಿಸಿದರು. ಆಮೇಲೆ, “ನಂಬಬೇಡಿ, ನೋಡಿ. ನೋಡಿದ ಮೇಲೂ ಇಳೀತೀನಿ ಅಂದ್ರೆ ನಾನು ಅಡ್ಡ ಬರಲ್ಲ. ಒಂದು ಸಣ್ಣ ಜೀವ ಬೇಕು” ಎಂದರು.

ಮುನಿತಾಯಮ್ಮ ಹಟ್ಟಿಗೆ ಹೋಗಿ ಒಂದು ಕೋಳಿ ಹಿಡಿದು ತಂದಳು. ಎಂಜಿನ್ನು ದಿನಗಟ್ಟಲೆ ನಿಂತಿತ್ತು, ಆದರೂ ಸೊಪ್ಪಿನ ಕಂತೆ ಆಡಿಸಿ ಬಾವಿಯ ಗಾಳಿಯನ್ನು ಕಲಕಿದೆವು. ನಾನು ಇಳಿದು, ಸ್ವಲ್ಪವೇ ಎಣ್ಣೆ ಹಾಕಿ, ಎಂಜಿನ್ನು ಶುರು ಮಾಡಿ, ಉಸಿರು ಬಿಗಿಹಿಡಿದು ಹತ್ತಿ ಬಂದೆ. ಎಣ್ಣೆ ತೀರಿ ಎಂಜಿನ್ನು ನಿಂತ ಮೇಲೆ ಒಂದೇ ಬುಟ್ಟಿಯಲ್ಲಿ ಕೋಳಿಯನ್ನೂ ಉರಿಯುವ ಲಾಟೀನನ್ನೂ ಕಟ್ಟಿ ಗೂಡಿನ ಮಟ್ಟಕ್ಕೆ ಇಳಿಬಿಟ್ಟೆವು. ಕೋಳಿ ಮೊದಲು ರೆಕ್ಕೆ ಬಡಿಯಿತು. ಆಮೇಲೆ ಸದ್ದಿಲ್ಲ. ಬುಟ್ಟಿ ಮೇಲೆ ಬಂದಾಗ ಲಾಟೀನು ನೆಟ್ಟಗೆ ಉರಿಯುತ್ತಿತ್ತು. ಕೋಳಿಯ ಕತ್ತು ಬುಟ್ಟಿಯ ಅಂಚಿನ ಮೇಲೆ ಜೋತುಬಿದ್ದಿತ್ತು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಣ್ಣಯ್ಯಪ್ಪ ಇಳಿಯಲಿಲ್ಲ. ಎಂಜಿನ್ನು ಎತ್ತಿಸಿ ಮತ್ತೆ ಎತ್ತು ಕಟ್ಟಿದ; ಅರ್ಧ ತೋಟ ಒಣಗಿತು, ಅವನು ಉಳಿದ. ರಾಯರೂ ನಾನೂ ಊರೂರು ಸುತ್ತಿ ಹೇಳಿದೆವು. ಕೆಲವರು ಕೊಳವೆ ಎಳೆಸಿದರು, ಕೆಲವರು ಗದರಿಸಿ ಕಳಿಸಿದರು. ಆ ಗದರಿಸಿದವರ ಒಂದು ಬಾವಿಯಿಂದ ಇನ್ನೊಂದು ಹೆಣ ತೆಗೆಯಲು ನಾನೇ ಹೋಗಬೇಕಾಯಿತು. ಮಾಲೀಕರು ರಾಯರನ್ನು ಕೆಲಸದಿಂದ ಬಿಡಿಸಿದರು. ಕರೆಂಟು ಬಂದು ಮೋಟಾರು ಬಂದ ಮೇಲೆ ಈ ಸಾವು ತಾನೇ ನಿಂತಿತು, ಅದರಲ್ಲಿ ನಮ್ಮ ಹೆಚ್ಚುಗಾರಿಕೆ ಏನೂ ಇಲ್ಲ. ಈಗ ಬಾವಿಗಳನ್ನು ಮುಚ್ಚಿ ಮನೆ ಕಟ್ಟಿದ್ದಾರೆ, ನೆಲಮಾಳಿಗೆಯಲ್ಲಿ ಜನರೇಟರ್ ಇಡುತ್ತಾರೆ. ಹೊಸಬರೇ, ಅಲ್ಲಿಗೆ ಇಳಿಯುವಾಗ ದೀಪವನ್ನೂ ನಂಬಬೇಡಿ, ಮೂಗನ್ನೂ ನಂಬಬೇಡಿ. ಎಂಜಿನ್ನು ಎಲ್ಲಿ ಉಸಿರು ಬಿಡುತ್ತಿದೆ ಎಂದು ಮೊದಲು ಕೇಳಿ.

ಅವತ್ತು ಬುಟ್ಟಿ ಮೇಲೆ ಬಂದಾಗ ಅಣ್ಣಯ್ಯಪ್ಪ ಕಟ್ಟೆಯ ಮೇಲೆ ಕುಕ್ಕರಿಸಿದ. ನಾನು ಲಾಟೀನು ಆರಿಸಿದೆ. ಮುನಿತಾಯಮ್ಮ ಕೋಳಿಯನ್ನು ಬಿಚ್ಚಿ ಕೈಗೆತ್ತಿಕೊಂಡಳು. ಅವಳು ಅಳುತ್ತಾಳೆ, ಇಲ್ಲವೇ ನಮ್ಮನ್ನು ಬೈಯುತ್ತಾಳೆ ಎಂದು ಕಾದೆ. ಎರಡೂ ಮಾಡಲಿಲ್ಲ. ಅದರ ಪುಕ್ಕ ಸವರುತ್ತ ರಾಯರ ಕಡೆ ತಿರುಗಿ, ಗೊತ್ತಿಲ್ಲದ್ದನ್ನು ತಿಳಿದುಕೊಳ್ಳಲು ಕೇಳುವವಳ ದನಿಯಲ್ಲಿ ಕೇಳಿದಳು:

“ನಮ್ಮೋರು ಇಳಿಯೋವಾಗ್ಲೂ ಹಟ್ಟಿ ತುಂಬ ಕೋಳಿ ಇದ್ವು ಸಾಮಿ. ಆ ಮೇಸ್ತ್ರಿ ಇಳಿಯೋವಾಗ್ಲೂ ಇಲ್ಲೇ ಕಾಲ್ಕೆಳಗೆ ಮೇಯ್ತಿದ್ವು. ಒಂದು ಕೋಳಿ ಕೊಡಮ್ಮ ಅಂತ ಯಾರಾನ ಕೇಳಿದ್ರೆ, ನಾನು ಇಲ್ಲ ಅಂತಿದ್ನಾ?”